ಜನರ ಪಾಲಿನ ಪಲ್ಲವಿ

ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನ ಮುಗಿದ ಬಳಿಕ ಕೀರ್ತನೆಯೊಂದನ್ನು ಹಾಡುವುದನ್ನು ನೀವೆಲ್ಲರೂ ಬಲ್ಲಿರಿ. ಒಬ್ಬರು ಚರಣಗಳನ್ನು ಹಾಡುತ್ತಾರೆ. ಪ್ರತಿಯೊಂದು ಚರಣದ ಕೊನೆಗೆ ಬರುವ ಪಲ್ಲವಿಯನ್ನು ನೆರೆದ ಸಭೆಯೆಲ್ಲ ಒಂದಾಗಿ ಹಾಡಬೇಕು. ಆದರೆ ಎಷ್ಟೋ ಬಾರಿ ಆ ಪಲ್ಲವಿಯನ್ನೂ ಗಾಯನವೃಂದಕ್ಕೇ ಒಪ್ಪಿಸಿ ನಾವು ಮೌನವಾಗಿ ಕುಳಿತುಬಿಡುತ್ತೇವೆ. ಪ್ರಿಯ ವಾಚಕರೇ, ಈ ಪಲ್ಲವಿಯು ಪೂಜಾವಿಧಿಯ ಅಲಂಕಾರವಲ್ಲ. ಅದು ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ಪುರಾತನ ಸ್ವತ್ತು; ಅದರಲ್ಲಿಯೂ ಜನಸಾಮಾನ್ಯರ ಪಾಲಿಗೆ ಬಂದ ಸ್ವತ್ತು. ಅದು ನಮ್ಮ ಕೈಸೇರಿದ ಬಗೆಯನ್ನು ತುಸು ನೆನೆಯೋಣ.

ಜೆರುಸಲೇಮಿನ ಮಹಾದೇವಾಲಯದಲ್ಲಿ ಗಾಯನವು ಲೇವಿಯರ ಕುಲಕಾರ್ಯವಾಗಿತ್ತು. ಪೂರ್ವಕಾಲದ ಇತಿಹಾಸದ ಮೊದಲನೆಯ ಗ್ರಂಥವು ಆಸಾಫ, ಹೇಮಾನ್, ಯೆದುತೂನ್ ಎಂಬುವರ ಮನೆತನಗಳಿಗೆ ಸೇರಿದ 288 ಮಂದಿ ನುರಿತ ಗಾಯಕರನ್ನು ಲೆಕ್ಕ ಹಾಕಿ, ಅವರನ್ನು 24 ವರ್ಗಗಳಾಗಿ ವಿಂಗಡಿಸಿದ್ದನ್ನು ತಿಳಿಸುತ್ತದೆ. ಯೇಸುಸ್ವಾಮಿಯ ಕಾಲದಲ್ಲಿದ್ದ ದೇವಾಲಯದ ಪದ್ಧತಿಗಳನ್ನು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಷ್ನಾ ಎಂಬ ಯೆಹೂದ್ಯ ಗ್ರಂಥವು ಕಾಪಾಡಿಕೊಂಡಿದೆ. ಅದರ ಪ್ರಕಾರ ವೇದಿಕೆಯ ಮೇಲೆ ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು ಲೇವಿಯರು ನಿಂತು ಹಾಡುತ್ತಿದ್ದರು. ಕಿನ್ನರಿಗಳು ಒಂಬತ್ತಕ್ಕೆ ಕಡಿಮೆ ಇರಬಾರದಿತ್ತು. ತಾಳ ಮಾತ್ರ ಒಂದೇ. ವಾರದ ಏಳು ದಿನಗಳಿಗೂ ಒಂದೊಂದು ಕೀರ್ತನೆ ಗೊತ್ತಾಗಿತ್ತು: ಭಾನುವಾರಕ್ಕೆ 24ನೆಯದು, ಸಬ್ಬತ್ ದಿನಕ್ಕೆ 92ನೆಯದು. ಹಾಡಿನ ನಡುವೆ ವಿರಾಮ ಬಂದಾಗ ಕಹಳೆ ಮೊಳಗುತ್ತಿತ್ತು. ಜನರು ಸಾಷ್ಟಾಂಗ ನಮಸ್ಕರಿಸುತ್ತಿದ್ದರು.

ಹಾಗಾದರೆ ಜನರಿಗೆ ನಮಸ್ಕಾರವೊಂದೇ ಮೀಸಲಾಗಿತ್ತೇ? ಅಲ್ಲ. 136ನೆಯ ಕೀರ್ತನೆಯನ್ನು ತೆರೆದು ನೋಡಿರಿ. ಅದರ 26 ವಚನಗಳಲ್ಲಿ ಪ್ರತಿಯೊಂದೂ ಒಂದೇ ಪಲ್ಲವಿಯಲ್ಲಿ ಮುಗಿಯುತ್ತದೆ. ದೇವರ ಪ್ರೀತಿಗೆ ಕೊನೆಯಿಲ್ಲವೆಂಬುದೇ ಅದರ ತಾತ್ಪರ್ಯ. ಒಬ್ಬರು ಹಾಡಲು, ಹಲವರು ಓಗೊಡಲು ಹೇಳಿ ಮಾಡಿಸಿದ ರಚನೆಯದು. ಅಕ್ಷರ ಬಾರದವನೂ ಎರಡು ಬಾರಿ ಕೇಳಿ ಮೂರನೆಯ ಬಾರಿ ದನಿಗೂಡಿಸಬಹುದು.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಜೆರುಸಲೇಮಿಗೆ ನುಗ್ಗಿ ದೇವಾಲಯವನ್ನು ಸುಟ್ಟುಹಾಕಿತು. ವೇದಿಕೆ ಹೋಯಿತು, ಬಲಿಪೀಠ ಹೋಯಿತು, ಲೇವಿಯರ ಗಾಯನಸೇವೆ ನಿಂತುಹೋಯಿತು. ಆ ಶೋಕದ ಗುರುತಾಗಿ ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರಗಳಲ್ಲಿ ವಾದ್ಯಗಳನ್ನು ಬಳಸದೆ ಉಳಿದರು. ಟಗರಿನ ಕೊಂಬಿನ ಕಹಳೆಯಾದ ಶೋಫಾರ್ ಒಂದು ಮಾತ್ರ ಹೊಸ ವರ್ಷದ ಹಬ್ಬದಲ್ಲಿ ಇಂದಿಗೂ ಮೊಳಗುತ್ತದೆ. ಆದರೂ ಕೀರ್ತನೆಗಳು ಅಳಿಯಲಿಲ್ಲ. ಅವು ವಾದ್ಯಗಳಲ್ಲಿ ಮಾತ್ರವಲ್ಲ, ಜನರ ನಾಲಿಗೆಯ ಮೇಲೂ ಇದ್ದವು. 136ನೆಯ ಕೀರ್ತನೆಯು ಪಾಸ್ಕಹಬ್ಬದ ಭೋಜನದಲ್ಲಿಯೂ ಸಬ್ಬತ್ತಿನ ಮುಂಜಾನೆಯ ಪ್ರಾರ್ಥನೆಯಲ್ಲಿಯೂ ಇಂದಿಗೂ ಯೆಹೂದ್ಯರ ಬಾಯಲ್ಲಿದೆ.

ಕ್ರೈಸ್ತರ ಗಾಯನದ ಬೇರು ಇಲ್ಲಿಯೇ ಇದೆ. ಯೇಸುಸ್ವಾಮಿ ಕಡೆಯ ಭೋಜನದ ಅನಂತರ ಶಿಷ್ಯರೊಡನೆ ಹಾಡಿ ಓಲಿವ್ ಗುಡ್ಡದ ಕಡೆಗೆ ಹೊರಟರೆಂದು ಮತ್ತಾಯನೂ ಮಾರ್ಕನೂ ಬರೆಯುತ್ತಾರೆ. ಪೌಲ ಮತ್ತು ಸೀಲ ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು. ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲನಾಗಿದ್ದ ಪ್ಲಿನಿ, ಕ್ರೈಸ್ತರನ್ನು ವಿಚಾರಣೆಗೊಳಪಡಿಸಿ ಚಕ್ರವರ್ತಿ ಟ್ರಾಜನನಿಗೆ ವರದಿ ಕಳುಹಿಸಿದನು. ಇವರು ಗೊತ್ತಾದ ದಿನ ಬೆಳಗಾಗುವ ಮೊದಲೇ ಕೂಡಿ, ಕ್ರಿಸ್ತನನ್ನು ದೇವರೆಂದೆಣಿಸಿ, ಒಬ್ಬರಿಗೊಬ್ಬರು ಓಗೊಡುತ್ತ ಸ್ತುತಿಸುತ್ತಾರೆಂಬುದು ಅವನು ತಿಳಿದುಕೊಂಡ ಸಂಗತಿ. ಆ ಕ್ರೈಸ್ತರಿಗೆ ಮಹಾದೇವಾಲಯವೂ ಇರಲಿಲ್ಲ, ವಾದ್ಯಮೇಳವೂ ಇರಲಿಲ್ಲ.

ಇನ್ನು 356ನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ರಾತ್ರಿಯ ಸಂಗತಿ. ಚಕ್ರವರ್ತಿಯ ಅವಕೃಪೆಗೆ ಗುರಿಯಾಗಿದ್ದ ಧರ್ಮಾಧ್ಯಕ್ಷ ಸಂತ ಅಥನೇಸಿಯುಸರು ಅಲೆಕ್ಸಾಂದ್ರಿಯದ ದೇವಾಲಯದಲ್ಲಿ ಜನರೊಡನೆ ಜಾಗರಣೆಯಲ್ಲಿದ್ದರು. ಆಗ ಐದು ಸಾವಿರಕ್ಕೂ ಮಿಕ್ಕಿದ ಸೈನಿಕರು ದೇವಾಲಯವನ್ನು ಸುತ್ತುವರಿದರೆಂದು ಅವರೇ ಬರೆದಿಟ್ಟಿದ್ದಾರೆ. ಅವರು ಓಡಲಿಲ್ಲ. ತಮ್ಮ ಪೀಠದಲ್ಲಿಯೇ ಕುಳಿತು, ಕೀರ್ತನೆಯೊಂದನ್ನು ಓದುವಂತೆ ಉಪಯಾಜಕನಿಗೆ ಅಪ್ಪಣೆಯಿತ್ತರು. ಪಲ್ಲವಿಯಿಂದ ಓಗೊಡುವಂತೆ ಜನರಿಗೆ ಹೇಳಿದರು. ಅದು 136ನೆಯ ಕೀರ್ತನೆಯ ಪಲ್ಲವಿಯೇ! ಆ ರಾತ್ರಿ ಕತ್ತಿಗಳ ಎದುರಿಗೆ ಜನರ ಬಳಿಯಿದ್ದುದು ಪುರಾತನವಾದ ಆ ಒಂದು ಸಾಲು ಮಾತ್ರ.

ಮೂವತ್ತು ವರ್ಷಗಳ ಬಳಿಕ, 386ರಲ್ಲಿ, ಮಿಲಾನಿನಲ್ಲಿಯೂ ಇಂಥದೇ ಸಂಕಟ ಒದಗಿತು. ಮಹಾರಾಣಿ ಜಸ್ಟೀನಳ ಒತ್ತಾಯಕ್ಕೆ ಮಣಿಯದ ಸಂತ ಅಂಬ್ರೋಸರ ಪರವಾಗಿ ಜನರು ದೇವಾಲಯದಲ್ಲಿ ಕಾವಲಿದ್ದರು. ಅವರು ಎದೆಗುಂದಬಾರದೆಂದು ಪೂರ್ವದೇಶಗಳ ಕ್ರಮದಂತೆ ಸ್ತುತಿಗೀತೆಗಳನ್ನೂ ಕೀರ್ತನೆಗಳನ್ನೂ ಹಾಡುವ ರೂಢಿ ಅಲ್ಲಿ ಆರಂಭವಾಯಿತೆಂದು ಸಂತ ಅಗಸ್ಟೀನರು ನೆನೆಯುತ್ತಾರೆ. ಆ ಹಾಡುಗಳನ್ನು ಕೇಳಿ ಕಣ್ಣೀರಿಟ್ಟ ಅಗಸ್ಟೀನರೇ, ರಾಗದ ಸವಿಗೆ ಮನಸೋತು ಅರ್ಥವನ್ನು ಮರೆಯುವ ಅಪಾಯವಿದೆಯೆಂದು ಅಳುಕಿದ್ದೂ ಉಂಟು.

ಆದರೆ ಜನರ ದನಿಯನ್ನು ಹಿಂದಕ್ಕೆ ಸರಿಸುವ ಪ್ರವೃತ್ತಿಯೂ ಅದೇ ಶತಮಾನದಲ್ಲಿ ಕಾಣಿಸಿಕೊಂಡಿತು. ನೇಮಕಗೊಂಡ ಗಾಯಕರಲ್ಲದೆ ಬೇರಾರೂ ದೇವಾಲಯದಲ್ಲಿ ಹಾಡತಕ್ಕದ್ದಲ್ಲವೆಂದು ಲವೊದಿಕೇಯದಲ್ಲಿ ಸೇರಿದ ಸಭೆಯು ಕಟ್ಟಳೆ ಮಾಡಿತು. ಗಾಯನದಲ್ಲಿ ಅಚ್ಚುಕಟ್ಟಿರಬೇಕೆಂಬ ಕಾಳಜಿ ತಪ್ಪಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಸಂಗೀತವು ಹೆಚ್ಚು ಹೆಚ್ಚು ಸಂಕೀರ್ಣವಾಯಿತು. ಪಶ್ಚಿಮದಲ್ಲಿ ಲತೀನ್ ಭಾಷೆಯು ಜನರ ಆಡುಮಾತಾಗಿ ಉಳಿಯಲಿಲ್ಲ. ಮಠಗಳಲ್ಲಿಯೂ ಮಹಾದೇವಾಲಯಗಳಲ್ಲಿಯೂ ಗ್ರೆಗೋರಿಯನ್ ಗಾಯನವು ಅರಳಿತು. ಆದರೆ ಜನಸಾಮಾನ್ಯರು ಬಹುಮಟ್ಟಿಗೆ ಕೇಳುಗರಾದರು.

ಈ ಮೌನವನ್ನು ಮುರಿಯುವ ಯತ್ನಗಳು ಹಲವು ಕಡೆಗಳಿಂದ ಬಂದವು. 1524ರಲ್ಲಿ ಲೂಥರರ ಜರ್ಮನ್ ಗೀತೆಗಳು ಅಚ್ಚಾದವು. 1562ರ ಹೊತ್ತಿಗೆ ಜಿನೀವಾದಲ್ಲಿ 150 ಕೀರ್ತನೆಗಳೂ ಫ್ರೆಂಚ್ ಪದ್ಯಗಳಾಗಿ ರಾಗಗಳೊಡನೆ ಹೊರಬಂದವು. ಕಥೋಲಿಕ ಧರ್ಮಸಭೆಯಲ್ಲಿ 1903ರಲ್ಲಿ ಹತ್ತನೆಯ ಭಕ್ತಿನಾಥರು ಗಾಯನವನ್ನು ಮತ್ತೆ ಜನರ ಬಾಯಿಗೆ ತರಬೇಕೆಂದು ವಿಧಿಸಿದರು. 1963ರ ಡಿಸೆಂಬರ್ 4ರಂದು ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ಸಂವಿಧಾನವು ಆಡುಭಾಷೆಗೆ ಬಾಗಿಲು ತೆರೆಯಿತು. ಆಯಾ ಜನಾಂಗದ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದೂ ಸಾರಿತು. ಕನ್ನಡದಲ್ಲಿ ಈ ದಾರಿಯ ಒಂದು ಹೆಜ್ಜೆ ಬಹು ಮೊದಲೇ ಮೂಡಿತ್ತು. ಬಾಸೆಲ್ ಮಿಷನ್ನಿನ ಫೆರ್ಡಿನೆಂಡ್ ಕಿಟೆಲರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯು ಕನ್ನಡದ ಛಂದಸ್ಸಿನಲ್ಲಿಯೇ ಹರಿದಿದೆ.

ವಾಚಕರೇ, ಗಾಯನವೃಂದ ಬೇಡವೆಂದು ಈ ಇತಿಹಾಸವು ಹೇಳುವುದಿಲ್ಲ. ಆಸಾಫನ ಮನೆತನವಿಲ್ಲದಿದ್ದರೆ ನಮಗೆ ಕೀರ್ತನೆಗಳು ಇಷ್ಟು ಸಮೃದ್ಧವಾಗಿ ದೊರೆಯುತ್ತಿರಲಿಲ್ಲ. ಚರಣಕ್ಕೆ ನುರಿತ ಕಂಠ ಬೇಕು. ಪಲ್ಲವಿಗೆ ಇಡೀ ಸಭೆ ಬೇಕು. ವಾದ್ಯಗಳು ಸುಟ್ಟುಹೋದಾಗ, ಬಾಗಿಲ ಬಳಿ ಸೈನ್ಯ ನಿಂತಾಗ, ಉಳಿದುಬಂದದ್ದು ಜನರಿಗೆ ಬಾಯಿಪಾಠವಾಗಿದ್ದುದೇ. ನಾವು ಹಾಡದ ಪಲ್ಲವಿಯನ್ನು ನಮ್ಮ ಮಕ್ಕಳು ಯಾರಿಂದ ಕಲಿತಾರು? ಬರುವ ಭಾನುವಾರ ಆ ಒಂದು ಸಾಲು ನಮ್ಮ ಪಾಲಿಗೆ ಬಂದಾಗ, ಶ್ರುತಿ ತುಸು ತಪ್ಪಿದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕುಳಿತ ಮಗುವಿಗೆ ಕೇಳುವಷ್ಟಾದರೂ ಗಟ್ಟಿಯಾಗಿ ಹಾಡೋಣ.