ಆರು ರಸಗಳ ಲೆಕ್ಕ

ಕಾಗಿಣಾ ನದಿಯ ದಡದಲ್ಲಿ ಇಂದು ಮಳಖೇಡವೆಂದು ಕರೆಯಿಸಿಕೊಳ್ಳುವ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಳಿಕೆಯನ್ನು ಮನವಾರೆ ಕೊಂಡಾಡಿದ ಮಹಾವೀರಾಚಾರ್ಯನೆಂಬ ಜೈನ ಪಂಡಿತನು, ಕ್ರಿ. ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಸಂಗೀತ, ನಾಟ್ಯ, ವೈದ್ಯ, ವಾಸ್ತು, ಛಂದಸ್ಸುಗಳಲ್ಲಿ ಮಾತ್ರವಲ್ಲದೆ ಪಾಕಶಾಸ್ತ್ರದಲ್ಲಿಯೂ ಗಣಿತಕ್ಕೆ ಮನ್ನಣೆಯುಂಟೆಂದು ಗ್ರಂಥಾರಂಭದಲ್ಲಿಯೇ ಸಾರಿದ ಆತನು, ಮುಂದೆ ಮಿಶ್ರಕವ್ಯವಹಾರವೆಂಬ ಅಧ್ಯಾಯದಲ್ಲಿ ಆ ಮಾತನ್ನು ನಡೆಸಿಯೂ ತೋರಿಸಿದ್ದಾನೆ.

ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೂ ಕೂಡಿಸಿದರೆ ಎಷ್ಟು ಭೇದಗಳಾದಾವೆಂದು ಅವನು ‘ಗಣಿತಜ್ಞನೇ’ ಎಂದು ಸಂಬೋಧಿಸಿ ಕೇಳುತ್ತಾನೆ. ಅವು 63 ಎಂಬುದನ್ನು ಸುಶ್ರುತಸಂಹಿತೆಯ ವೈದ್ಯರು ಮೊದಲೇ ಎಣಿಸಿಟ್ಟಿದ್ದರು. ಆದರೆ ವಸ್ತುಗಳು ಎಷ್ಟೇ ಇರಲಿ, ಎಲ್ಲಕ್ಕೂ ಸಲ್ಲುವ ಸೂತ್ರವನ್ನು ಕೊಟ್ಟುದರಲ್ಲಿ ಆಚಾರ್ಯನ ನಿಜವಾದ ಹಿರಿಮೆಯಿದೆಯೆಂದು ನಾನು ಬಗೆಯುತ್ತೇನೆ. ಒಂದರಿಂದ ಆರರವರೆಗಿನ ಅಂಕಗಳನ್ನು ಒಂದು ಸಾಲಿನಲ್ಲಿ ಕ್ರಮವಾಗಿಯೂ ಇನ್ನೊಂದರಲ್ಲಿ ವಿಲೋಮವಾಗಿಯೂ ಬರೆದುಕೊಂಡು, ಕೂಡಿಸುವ ರಸಗಳೆಷ್ಟೋ ಮೊದಲಿನ ಅಷ್ಟು ವಿಲೋಮಾಂಕಗಳ ಗುಣಲಬ್ಧವನ್ನು ಅಷ್ಟೇ ಕ್ರಮಾಂಕಗಳ ಗುಣಲಬ್ಧದಿಂದ ಭಾಗಿಸಬೇಕು. ಎರಡು ರಸಗಳಾದರೆ, ಆರೈದಲ 30ನ್ನು ಒಂದೆರಡಲ 2ರಿಂದ ಭಾಗಿಸಿ 15. ಮೂರಾದರೆ, 120ನ್ನು 6ರಿಂದ ಭಾಗಿಸಿ 20. ಹೀಗೆ ದೊರೆತ 6, 15, 20, 15, 6, 1 ಇವುಗಳನ್ನು ಕೂಡಿದರೆ 63.

ಇದೇ ಉತ್ತರಕ್ಕೆ ಘಾತಾಂಕಗಳ ಮಾರ್ಗವೂ ಉಂಟು. ಪ್ರತಿಯೊಂದು ರಸವೂ ಇರಬಹುದು ಅಥವಾ ಇಲ್ಲದಿರಬಹುದಾದ್ದರಿಂದ, ಎರಡರ ಆರನೆಯ ಘಾತವಾದ 64ರಲ್ಲಿ ಯಾವ ರಸವೂ ಇಲ್ಲದ ಒಂದನ್ನು ಕಳೆದರಾಯಿತು. ಆ ಘಾತವನ್ನು ಪಡೆಯಲು ಪಿಂಗಲನು ಛಂದಶ್ಶಾಸ್ತ್ರದಲ್ಲಿ ಹೇಳಿದ್ದ ಉಪಾಯವನ್ನೇ ಮಹಾವೀರನು ಗುಣೋತ್ತರ ಶ್ರೇಢಿಗೆ ಅನ್ವಯಿಸಿದನು: ಘಾತಾಂಕ ಸಮವಾದರೆ ಅರ್ಧಿಸಿ ವರ್ಗದ ಗುರುತನ್ನೂ, ವಿಷಮವಾದರೆ ಒಂದನ್ನು ಕಳೆದು ಗುಣನದ ಗುರುತನ್ನೂ ಹಾಕುತ್ತ ಸೊನ್ನೆಗಿಳಿದು, ಆ ಗುರುತುಗಳನ್ನು ಹಿಮ್ಮೊಗವಾಗಿ ಅನುಸರಿಸುವುದು. ಆರು, ಮೂರು, ಎರಡು, ಒಂದು, ಸೊನ್ನೆ ಎಂದು ಇಳಿದವನು 2, 4, 8, 64 ಎಂದು ಏರಿಬರುತ್ತಾನೆ. ಆರಕ್ಕೆ ಇದರ ಪ್ರಯೋಜನ ಅಲ್ಪವೆಂದು ತೋರೀತು. ನೂರನೆಯ ಘಾತವನ್ನು ಕೈಯಿಂದ ಗುಣಿಸಲು ಹೊರಟವನಿಗೆ ಅದರ ಬೆಲೆ ತಿಳಿಯುತ್ತದೆ.

ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಗಣಿತವಿದ್ಯೆಯನ್ನು ಕನ್ನಡದಲ್ಲಿ ನೆಲೆಗೊಳಿಸಿದನು. ಮಹಾವೀರನ ಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಶಾಲೆಗಳಲ್ಲಿ ಈ ಪಾಠವನ್ನು ಹೇಳುವಾಗ ಉಪಾಧ್ಯಾಯರು ಮಳಖೇಡದ ಹೆಸರನ್ನೂ ಎತ್ತಬೇಕೆಂಬುದು ನನ್ನ ಹೃತ್ಪೂರ್ವಕವಾದ ಆಸೆ.

ಆ 63 ಭೇದಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಎತ್ತಿದರೆ ಅದು ಸರಿಯಾಗಿ ಮೂರು ರಸಗಳದ್ದಾಗಿರುವ ಸಂಭವನೀಯತೆಯೆಷ್ಟೆಂದು ಕೇಳಿದರೆ, ಇಂದಿನ ವಿದ್ಯಾರ್ಥಿ 63ರಲ್ಲಿ 20 ಎಂದು ಥಟ್ಟನೆ ಹೇಳಿಯಾನು. ಆ ಭಿನ್ನರಾಶಿಯ ಅಂಶವೂ ಛೇದವೂ ಆಚಾರ್ಯನ ಸೂತ್ರದಿಂದಲೇ ದೊರೆಯುತ್ತವೆ. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿ ಸಂಭವವನ್ನು ಅಳೆಯುವ ಶಾಸ್ತ್ರವು ರೂಪುಗೊಳ್ಳಲು, ಅರ್ಧಕ್ಕೇ ನಿಂತ ಜೂಜಿನ ಪಣವನ್ನು ನ್ಯಾಯವಾಗಿ ಹಂಚುವ ಬಗೆ ಯಾವುದೆಂದು ಪಾಸ್ಕಲನೂ ಫರ್ಮಾನೂ 1654ರಲ್ಲಿ ಪರಸ್ಪರ ಪತ್ರ ಬರೆದುಕೊಳ್ಳಬೇಕಾಯಿತು.