ಕಾಡಾಗಿದ್ದುದು

ಅನಾನಸು ಎಂಬ ಹೆಸರನ್ನು ನಾವು ನಮ್ಮದೇ ಮಾತೆಂಬಂತೆ ಆಡುತ್ತೇವೆ. ಆದರೆ ಹಣ್ಣಿನಂತೆ ಅದರ ಹೆಸರೂ ಪೋರ್ಚುಗೀಸರೊಡನೆ ಕಡಲು ದಾಟಿ ಬಂದುದು. ಅದರ ಮೂಲ ದಕ್ಷಿಣ ಅಮೆರಿಕದ ತುಪಿ ವರ್ಗದ ಭಾಷೆಗಳಲ್ಲಿದೆ. ಅದೇ ವರ್ಗಕ್ಕೆ ಸೇರಿದ, ಬ್ರೆಜಿಲಿನ ಕರಾವಳಿಯ ಹಳೆಯ ತುಪಿಯನ್ನು ತಾಯಿನುಡಿಯಾಗಿ ಆಡುವವರು ಇಂದು ಯಾರೂ ಇಲ್ಲ. ಆಡುವವರು ಅಳಿದ ಮೇಲೂ ಆಡಿದ ಮಾತು ಉಳಿಯುವುದುಂಟು.

1500ರಲ್ಲಿ ಪೋರ್ಚುಗೀಸರು ಬಂದಿಳಿದಾಗ ಆ ಕರಾವಳಿಯ ಬಹುಭಾಗದಲ್ಲಿ ಈ ಭಾಷೆಯೇ ನಡೆಯುತ್ತಿತ್ತು. ಮತಬೋಧನೆಗೆ ಹೊರಟ ಜೆಸುಯಿಟ್ ಪಾದ್ರಿಗಳು ಮೊದಲು ಶಿಷ್ಯರಾಗಬೇಕಾಯಿತು. 1553ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅಲ್ಲಿಗೆ ಬಂದ ಜೊಸೆ ದೆ ಆಂಶಿಯೆಟಾ ಇದಕ್ಕೊಂದು ವ್ಯಾಕರಣವನ್ನೇ ರಚಿಸಿದನು. ಅದು 1595ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಅಚ್ಚಾಯಿತು.

ಈ ಭಾಷೆಯ ಸೂಕ್ಷ್ಮತೆ ಬೆರಗುಗೊಳಿಸುವಂತಹದು. ‘ನಾವು’ ಎನ್ನಲು ಇದರಲ್ಲಿ ಎರಡು ಮಾತುಗಳಿದ್ದವು: ಕೇಳುವವನನ್ನು ಹೊರಗಿಟ್ಟರೆ ‘ಒರೆ’, ಒಳಗೊಂಡರೆ ‘ಯಂದೆ’. ತೆಲುಗಿನ ಮೇಮು, ಮನಮು. ತುಳುವಿನ ಎಂಕುಳು, ನಮ ಎಂಬ ಭೇದವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ದೇವರನ್ನು ‘ನಮ್ಮ ತಂದೆಯೇ’ ಎಂದು ಕರೆಯುವ ಪ್ರಾರ್ಥನೆಯಲ್ಲಿ ಪಾದ್ರಿಗಳು ‘ಒರೆ’ಯನ್ನೇ ಬಳಸಬೇಕಾಯಿತು. ‘ಯಂದೆ’ ಎಂದಿದ್ದರೆ ದೇವರು ತನಗೆ ತಾನೇ ತಂದೆಯಾಗುತ್ತಿದ್ದನು!

ಆದರೂ ಹೊರಗಿನವರಿಗೆ ಕಂಡುದು ಕೊರತೆಯೇ. ಈ ಭಾಷೆಯಲ್ಲಿ ಎಫ್, ಎಲ್, ಆರ್ ಎಂಬ ಮೂರು ಅಕ್ಷರಗಳಿಲ್ಲವೆಂದೂ, ಆದುದರಿಂದ ಈ ಜನಕ್ಕೆ ಫೆ, ಲೆಯ್, ರೆಯ್, ಅಂದರೆ ಶ್ರದ್ಧೆ, ಶಾಸನ, ಅರಸು ಮೂರೂ ಇಲ್ಲವೆಂದೂ ಗಾಂದಾವು ಎಂಬ ಪೋರ್ಚುಗೀಸ್ ಲೇಖಕನು 1576ರಲ್ಲಿ ಬರೆದನು. ಅಚ್ಚಗನ್ನಡದಲ್ಲಿಯೂ ಎಫ್ ಧ್ವನಿಯಿಲ್ಲ. ಅಷ್ಟರಿಂದ ನಾವು ಶ್ರದ್ಧಾಹೀನರಾದೆವೇ? ಧ್ವನಿಯ ಅಭಾವವನ್ನು ಗುಣದ ಅಭಾವವೆಂದು ಬಗೆಯುವುದು ಗೆದ್ದವರ ತರ್ಕ.

ಅವಸಾನಕ್ಕೆ ಕಾರಣ ಒಂದಲ್ಲ. 1562–63ರ ಸಿಡುಬು, ಗುಲಾಮಗಿರಿ, ನೆಲೆ ತಪ್ಪಿದ ಬದುಕು ಆಡುವ ಜನರನ್ನೇ ನುಂಗಿದವು. ಆದರೂ ಭಾಷೆ ಒಮ್ಮೆಗೇ ಸಾಯಲಿಲ್ಲ. ಮಿಶ್ರ ಕುಟುಂಬಗಳಲ್ಲಿಯೂ ಪಾದ್ರಿಗಳ ನೆಲೆಗಳಲ್ಲಿಯೂ ಅದು ರೂಪಾಂತರ ಹೊಂದಿ, ‘ಲಿಂಗುವ ಜೆರಾಲ್’, ಅಂದರೆ ಸಾಮಾನ್ಯ ಭಾಷೆ, ಎಂಬ ಹೆಸರು ಪಡೆಯಿತು. ವಸಾಹತುಗಾರರ ಮಕ್ಕಳೂ ಅದನ್ನೇ ಆಡಿದರು. ಕಡೆಗೆ ಪೊಂಬಾಲನ ಆಡಳಿತದಲ್ಲಿ ಹೊರಟ 1757ರ ಶಾಸನವು ಅದನ್ನು ಬಿಡಿಸಿ ಪೋರ್ಚುಗೀಸನ್ನು ಕಡ್ಡಾಯಗೊಳಿಸಿತು.

ಹಳೆಯ ತುಪಿಯಲ್ಲಿ ನಾಮಪದಕ್ಕೂ ಕಾಲವುಂಟು. ‘ಕಆ’ ಎಂದರೆ ಕಾಡು; ಅದಕ್ಕೆ ಭೂತಕಾಲದ ಪ್ರತ್ಯಯ ಸೇರಿದರೆ ‘ಕಆಪುವೆರ’, ಹಿಂದೆ ಕಾಡಾಗಿದ್ದುದು. ಆ ಮಾತು ‘ಕಪೊಯೆರ’ ಎಂದಾಗಿ ಬ್ರೆಜಿಲಿನ ಪೋರ್ಚುಗೀಸಿನಲ್ಲಿ ಇಂದಿಗೂ ಇದೆ. ಮರ ಕಡಿದ ನೆಲದಲ್ಲಿ ಮರಳಿ ಚಿಗುರಿದ ಕುರುಚಲು ಕಾಡಿಗೆ ಆ ಹೆಸರು.

ಅಂತಹ ಚಿಗುರೊಂದು ಈ ಭಾಷೆಗೂ ಉಂಟು. ಅಮೆಜಾನ್ ಪ್ರದೇಶದ ಸಾಮಾನ್ಯ ಭಾಷೆಯಿಂದ ಬೆಳೆದ ‘ನ್ಯೆಂಗಾತು’ ರಿಯೊ ನೆಗ್ರೊ ನದಿಯ ದಂಡೆಗಳಲ್ಲಿ ಇಂದಿಗೂ ಜೀವಂತವಾಗಿದೆ. 2002ರಲ್ಲಿ ಅಲ್ಲಿನ ಸಾವ್ ಗಾಬ್ರಿಯೆಲ್ ದ ಕಶೊಯೆರ ಪುರಸಭೆಯು ಅದಕ್ಕೆ ಅಧಿಕೃತ ಸ್ಥಾನವಿತ್ತಿತು. 2023ರಲ್ಲಿ ಬ್ರೆಜಿಲಿನ ಸಂವಿಧಾನವೇ ಅದರಲ್ಲಿ ಪ್ರಕಟವಾಯಿತು. ನ್ಯೆಂಗಾತು ಎಂಬುದರ ಅರ್ಥ ‘ಒಳ್ಳೆಯ ಮಾತು’. ಇದು ಹಳೆಯ ಕಾಡಲ್ಲ, ನಿಜ. ಆದರೆ ಅದೇ ನೆಲದಲ್ಲಿ, ಅದೇ ಬೇರಿನಿಂದ ಮೇಲೆದ್ದುದು.