ಸುಟ್ಟ ವಾಲ್ವನ್ನು ಹುಡುಕಿದ ಆರು ಮಂದಿ

ಕಂಪ್ಯೂಟರ್ ಕೆಟ್ಟು ನಿಂತಾಗ ಮೊದಲು ಕೇಳಿಬರುವ ಪ್ರಶ್ನೆ ಎಲ್ಲರಿಗೂ ಗೊತ್ತು: ದೋಷ ಹಾರ್ಡ್‌ವೇರಿನದೋ, ಸಾಫ್ಟ್‌ವೇರಿನದೋ? ಯಂತ್ರ ರಿಪೇರಿ ಮಾಡುವವನು ಪ್ರೋಗ್ರಾಂ ಸರಿಯಿಲ್ಲ ಎನ್ನುತ್ತಾನೆ, ಪ್ರೋಗ್ರಾಂ ಬರೆದವನು ಯಂತ್ರದತ್ತ ಬೆರಳು ತೋರಿಸುತ್ತಾನೆ. ದುಡ್ಡು ಕೊಟ್ಟು ಕೊಂಡವನು ಇಬ್ಬರ ನಡುವೆ ಅಲೆಯುತ್ತಾನೆ. ಆದರೆ ಈ ಎರಡು ಕಸುಬುಗಳು ಹುಟ್ಟುವಾಗಲೇ ಬೇರೆಬೇರೆಯಾಗಿರಲಿಲ್ಲ. ಎಲೆಕ್ಟ್ರಾನಿಕ್ ಕಂಪ್ಯೂಟರಿಗೆ ಪ್ರೋಗ್ರಾಂ ಹೂಡಿದ ಮೊದಲಿಗರಲ್ಲಿ ಆರು ಮಂದಿ, ಅದರ ಹದಿನೇಳು ಸಾವಿರಕ್ಕೂ ಹೆಚ್ಚು ವಾಲ್ವ್‌ಗಳಲ್ಲಿ ಸುಟ್ಟುಹೋದದ್ದು ಯಾವುದು ಎಂಬುದನ್ನೂ ತಾವೇ ಪತ್ತೆಹಚ್ಚುತ್ತಿದ್ದರು. ಆ ಆರೂ ಮಂದಿ ಹೆಂಗಸರು. ಅವರ ಹೆಸರುಗಳು ಸುಮಾರು ನಾಲ್ಕು ದಶಕಗಳ ಕಾಲ ಚರಿತ್ರೆಯ ಪುಟಗಳಲ್ಲಿ ಕಾಣದೇ ಹೋದವು.

ಎರಡನೆಯ ಮಹಾಯುದ್ಧದ ಕಾಲ. ಫಿರಂಗಿಯನ್ನು ಇಷ್ಟು ಕೋನದಲ್ಲಿ ಎತ್ತಿದರೆ, ಗಾಳಿ ಹೀಗಿದ್ದರೆ, ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬ ಕೋಷ್ಟಕವಿಲ್ಲದೆ ಸೈನಿಕ ಗುರಿಯಿಡಲಾರ. ಅಮೆರಿಕದ ಸೇನೆ ಈ ಲೆಕ್ಕಗಳನ್ನು ಫಿಲಡೆಲ್ಫಿಯದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೂರ್ ಎಂಜಿನಿಯರಿಂಗ್ ಶಾಲೆಯಲ್ಲಿ ಮಾಡಿಸುತ್ತಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಗಣಿತ ಬಲ್ಲ ತರುಣಿಯರನ್ನು ನೇಮಿಸಿಕೊಳ್ಳಲಾಯಿತು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’! ಆ ಪದ ಯಂತ್ರಕ್ಕೆ ಅಂಟುವ ಮೊದಲು ಮನುಷ್ಯರಿಗೆ ಸಲ್ಲುತ್ತಿತ್ತು. ನಮ್ಮ ‘ಗಣಕ’ ಪದದ ಕಥೆಯೂ ಇದೇ. ಹಿಂದೆ ಗಣಕನೆಂದರೆ ಲೆಕ್ಕ ಹಾಕುವವನು, ಜೋಯಿಸ.

ಗುಂಡಿನ ಒಂದೇ ಒಂದು ಪಥವನ್ನು ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ ಕಂಡುಹಿಡಿಯಲು ಒಬ್ಬರಿಗೆ 30ರಿಂದ 40 ಗಂಟೆ ಬೇಕಾಗುತ್ತಿತ್ತು. ಒಂದು ಕೋಷ್ಟಕಕ್ಕೆ ಅಂಥ ನೂರಾರು ಪಥಗಳು. ಕೇ ಮೆಕ್‌ನಲ್ಟಿ ಈ ಕೆಲಸಕ್ಕೆ ಸೇರಿದ್ದು 1942ರಲ್ಲಿ, ಪತ್ರಿಕೆಯ ಜಾಹೀರಾತು ನೋಡಿ. ಐರ್ಲೆಂಡಿನಲ್ಲಿ ಹುಟ್ಟಿ, ಮೂರನೆಯ ವಯಸ್ಸಿಗೆ ಅಮೆರಿಕಕ್ಕೆ ಬಂದಾಗ ಆಕೆಗೆ ಇಂಗ್ಲಿಷೇ ಬರುತ್ತಿರಲಿಲ್ಲ. ಗಣಿತದ ಪದವೀಧರೆಗೆ ಸಿಕ್ಕ ಸಂಬಳ ವರ್ಷಕ್ಕೆ 1,620 ಡಾಲರ್. ದರ್ಜೆ ‘ಉಪವೃತ್ತಿಪರ’, ಅಂದರೆ ಪೂರ್ಣ ವೃತ್ತಿಪರರಿಗಿಂತ ಒಂದು ಮೆಟ್ಟಿಲು ಕೆಳಗೆ.

ಅದೇ ಶಾಲೆಯಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ 1943ರಲ್ಲಿ ಸೇನೆಯ ಹಣದಿಂದ ಎನಿಯಾಕ್ ಎಂಬ ಯಂತ್ರವನ್ನು ಕಟ್ಟತೊಡಗಿದರು. ಎಕರ್ಟ್‌ಗೆ ಆಗ 24 ವರ್ಷ. ಲೆಕ್ಕ ಮಾಡುವುದು ಹಲ್ಲುಚಕ್ರಗಳಲ್ಲ, ವಾಲ್ವ್‌ಗಳು. ಹಳೆಯ ವಾಲ್ವ್ ರೇಡಿಯೋ ಇಟ್ಟುಕೊಂಡಿದ್ದವರಿಗೆ ಇದರ ತಾಪತ್ರಯ ಗೊತ್ತು. ಕಾದು ಕೆಂಪಗಾದ ಮೇಲೆಯೇ ಹಾಡು, ಐದಾರು ವಾಲ್ವ್‌ಗಳಲ್ಲಿ ಒಂದು ಕೈಕೊಟ್ಟರೆ ಮೌನ. ಎನಿಯಾಕ್‌ನಲ್ಲಿದ್ದದ್ದು 17,468 ವಾಲ್ವ್‌ಗಳು. ಎಪ್ಪತ್ತು ಸಾವಿರ ರೆಸಿಸ್ಟರ್‌ಗಳು, ಹತ್ತು ಸಾವಿರ ಕೆಪಾಸಿಟರ್‌ಗಳು, ಕೈಯಿಂದ ಹಾಕಿದ ಸುಮಾರು 50 ಲಕ್ಷ ಬೆಸುಗೆಗಳು ಬೇರೆ. ಸುಮಾರು 30 ಟನ್ ತೂಕದ, 40 ಬೀರುಗಳಂತೆ ಗೋಡೆಯುದ್ದಕ್ಕೂ ನಿಂತ ಈ ಯಂತ್ರ ಒಂದು ತಾಸಾದರೂ ಕೆಡದೆ ನಡೆದೀತೇ ಎಂದು ಬಲ್ಲವರೇ ಅನುಮಾನಿಸಿದ್ದರು.

ಅನುಮಾನ ಸುಳ್ಳಾದದ್ದು ಎಕರ್ಟ್‌ನ ಹಟದಿಂದ. ವಾಲ್ವ್ ತಡೆದುಕೊಳ್ಳಬಲ್ಲುದಕ್ಕಿಂತ ತೀರ ಕಡಿಮೆ ವಿದ್ಯುತ್ತನ್ನೇ ಅದಕ್ಕೆ ಹರಿಸಿದ. ಹೆಚ್ಚಿನ ವಾಲ್ವ್‌ಗಳು ಕೆಡುವುದು ಯಂತ್ರವನ್ನು ಹಚ್ಚುವಾಗ, ಆರಿಸುವಾಗ. ಹಾಗಾಗಿ ಯಂತ್ರವನ್ನು ಆರಿಸದೇ ಇಡುವ ಪದ್ಧತಿ ಬಂತು. ಇಲಿಗಳು ತಂತಿ ಕಡಿದಾವೆಂದು, ಹಸಿದ ಇಲಿಗಳ ಮುಂದೆ ಬಗೆಬಗೆಯ ತಂತಿಗಳನ್ನಿಟ್ಟು, ಅವುಗಳಿಗೆ ರುಚಿಸದ ಹೊದಿಕೆಯನ್ನೇ ಆರಿಸಿಕೊಂಡನಂತೆ.

ಯಂತ್ರವೇನೋ ಎದ್ದು ನಿಂತಿತು. ಅದರಿಂದ ಕೆಲಸ ಮಾಡಿಸುವುದು ಹೇಗೆ? ಈ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡವರಿರಲಿಲ್ಲ. ಯಂತ್ರ ಕಟ್ಟುವುದು ಗಂಡಸರ ವಿದ್ಯೆ, ಅದನ್ನು ಲೆಕ್ಕಕ್ಕೆ ಹೂಡುವುದು ಗುಮಾಸ್ತೆಯರ ಕೆಲಸ ಎಂಬುದು ಅಂದಿನ ಎಣಿಕೆ. 1945ರ ಬೇಸಿಗೆಯಲ್ಲಿ ಈ ‘ಕಂಪ್ಯೂಟರ್’ಗಳ ನಡುವಿನಿಂದ ಆರು ಮಂದಿಯನ್ನು ಆರಿಸಲಾಯಿತು: ಕೇ ಮೆಕ್‌ನಲ್ಟಿ, ಆಕೆಯ ಕಾಲೇಜಿನ ಗೆಳತಿ ಫ್ರಾನ್ಸಿಸ್ ಬೈಲಾಸ್, ಮಿಸೌರಿಯ ಹೊಲದ ಮನೆಯಿಂದ ರೈಲು ಹತ್ತಿ ಬಂದ ಬೆಟಿ ಜೀನ್ ಜೆನಿಂಗ್ಸ್, ರೂತ್ ಲಿಕ್ಟರ್‌ಮನ್, ಮಾರ್ಲಿನ್ ವೆಸ್ಕಾಫ್ ಮತ್ತು ಬೆಟಿ ಸ್ನೈಡರ್. ಈ ಕೊನೆಯಾಕೆ ಓದಿದ್ದು ಪತ್ರಿಕೋದ್ಯಮ ಎಂಬುದು ನಮ್ಮಂಥವರಿಗೆ ತುಸು ಹೆಮ್ಮೆಯ ಸಂಗತಿ! ಹೆಮ್ಮೆಯ ಹಿಂದೆ ಕಹಿಯೂ ಇದೆ. ಆಕೆಗೆ ಆಸೆಯಿದ್ದದ್ದು ಗಣಿತದಲ್ಲಿ. ಮನೆಯಲ್ಲಿದ್ದು ಮಕ್ಕಳನ್ನು ಸಾಕಬಾರದೇ ಎಂದು ಗಣಿತದ ಪ್ರಾಧ್ಯಾಪಕರು ಮೊದಲ ದಿನವೇ ಕೇಳಿದ್ದರಿಂದ ವಿಷಯ ಬದಲಿಸಿದ್ದರು.

ಪಂಚ್ ಕಾರ್ಡ್ ಯಂತ್ರಗಳ ತರಬೇತಿಗಾಗಿ ಅವರನ್ನು ಅಬರ್ಡೀನಿನ ಸೇನಾ ಕೇಂದ್ರಕ್ಕೆ ಕಳುಹಿಸಲಾಯಿತು. ಮರಳಿ ಬಂದಾಗ ಕೈಗೆ ಸಿಕ್ಕಿದ್ದು ಎನಿಯಾಕ್‌ನ ನಕ್ಷೆಗಳ ಕಟ್ಟು. ಕೈಪಿಡಿಯಿಲ್ಲ, ಪಾಠ ಹೇಳುವವರಿಲ್ಲ. ಯಂತ್ರ ಸೇನೆಯ ಗುಟ್ಟಾದ್ದರಿಂದ ಮೊದಮೊದಲು ಅದರ ಕೋಣೆಗೆ ಪ್ರವೇಶವೂ ಇರಲಿಲ್ಲ. ನಕ್ಷೆ ಹರಡಿಕೊಂಡು, ಪ್ರತಿ ಘಟಕವನ್ನೂ ಒಬ್ಬರಿಗೊಬ್ಬರು ವಿವರಿಸಿಕೊಂಡು, ಸಿಕ್ಕ ಎಂಜಿನಿಯರನ್ನು ನಿಲ್ಲಿಸಿ ಪ್ರಶ್ನೆ ಕೇಳಿ, ಯಂತ್ರವನ್ನು ಒಳಗಿನಿಂದ ಹೊರಕ್ಕೆ ಕಲಿತರು. ಮುಂದೆ ಅವರಿಗೆ ಒದಗಿಬಂದದ್ದು ಈ ಕಲಿಕೆಯೇ.

ಇಂದಿನಂತೆ ಪ್ರೋಗ್ರಾಂ ಬರೆಯುವ ಭಾಷೆ ಆಗ ಇರಲಿಲ್ಲ, ಪ್ರೋಗ್ರಾಂ ಉಳಿಸಿಕೊಳ್ಳುವ ಸ್ಮೃತಿಯೂ ಯಂತ್ರಕ್ಕಿರಲಿಲ್ಲ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮಾಡುತ್ತಿದ್ದಂತೆ ಒಂದು ಘಟಕದಿಂದ ಇನ್ನೊಂದಕ್ಕೆ ತಂತಿ ಚುಚ್ಚಬೇಕು, ಸ್ವಿಚ್ಚುಗಳನ್ನು ತಿರುಗಿಸಿಡಬೇಕು. ಕೂಡಿಸು, ಮುಂದಿನ ಘಟಕಕ್ಕೆ ಕಳಿಸು, ಇಷ್ಟು ಬಾರಿ ಮರಳಿ ಮಾಡು ಎಂಬ ಆಜ್ಞೆಗಳೆಲ್ಲ ತಂತಿ ಮತ್ತು ಸ್ವಿಚ್ಚಿನ ರೂಪದಲ್ಲಿ. ಹೊಸ ಲೆಕ್ಕವೆಂದರೆ ದಿನಗಟ್ಟಲೆ ಈ ಜೋಡಣೆ. ಜೋಡಿಸಿಯಾದ ಮೇಲೆ ಸೆಕೆಂಡಿಗೆ 5,000 ಕೂಡುವ ಲೆಕ್ಕ.

ಉತ್ತರ ತಪ್ಪಿ ಬಂದರೆ? ತಂತಿ ತಪ್ಪು ತೂತಿನಲ್ಲಿರಬಹುದು, ಸ್ವಿಚ್ಚು ಒಂದು ಅಂಕಿ ಆಚೆಗಿರಬಹುದು, ಬೆಸುಗೆ ಬಿಟ್ಟಿರಬಹುದು, ವಾಲ್ವ್ ಸತ್ತಿರಬಹುದು. ಹೊರಗಿನಿಂದ ನೋಡಿದರೆ ಎಲ್ಲಕ್ಕೂ ಲಕ್ಷಣ ಒಂದೇ. ಇದನ್ನು ಬಿಡಿಸುವ ಉಪಾಯ ಸರಳ, ಆದರೆ ತಾಳ್ಮೆ ಬೇಡುವಂಥದು. ಯಂತ್ರ ಹೇಗೆ ಹೆಜ್ಜೆ ಇಡುತ್ತದೋ ಹಾಗೆಯೇ ಲೆಕ್ಕವನ್ನು ಮೊದಲು ಕೈಯಿಂದ ಮಾಡಿಟ್ಟುಕೊಳ್ಳುವುದು. ಮಾರ್ಲಿನ್ ಮತ್ತು ರೂತ್ ಒಂದು ಇಡೀ ಪಥವನ್ನು ಹೀಗೆ ಹೆಜ್ಜೆಹೆಜ್ಜೆಯಾಗಿ ಕಾಗದದ ಮೇಲೆ ಇಳಿಸಿದರು. ಸಂಖ್ಯೆಗಳನ್ನು ಹಿಡಿದಿಡುವ 20 ಘಟಕಗಳಲ್ಲಿ ಪ್ರತಿಯೊಂದರ ಮೇಲೂ ಹತ್ತು ಸಾಲು, ಸಾಲಿಗೆ ಹತ್ತರಂತೆ ಪುಟ್ಟ ನಿಯಾನ್ ದೀಪಗಳಿದ್ದವು. ಯಾವ ಅಂಕಿ ಎಲ್ಲಿ ಕುಳಿತಿದೆ ಎಂದು ಅವು ಹೇಳುತ್ತಿದ್ದವು. ಯಂತ್ರವನ್ನು ಓಡಲು ಬಿಡದೆ ಒಂದೊಂದೇ ಹೆಜ್ಜೆ ನಡೆಸುವ ಅನುಕೂಲವೂ ಇತ್ತು. ಕಾಗದ ಮತ್ತು ದೀಪ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ರೋಗ. ಯಾವ ಬೀರು, ಅದರಲ್ಲಿ ಯಾವ ಸ್ಥಾನದ ಅಂಕಿ ಎಂದು ತಿಳಿದರೆ ಆ ಅಂಕಿಯ ಘಟಕವನ್ನು ಕಿತ್ತು ಬೇರೆ ತೂರಿಸಬಹುದು. ಎಷ್ಟೋ ಸಲ ಸತ್ತ ವಾಲ್ವ್ ಇಂಥದೇ ಎಂದು ಹೇಳುವಷ್ಟು ಪಳಗಿದ್ದರು. ಲೆಕ್ಕವೂ ಗೊತ್ತು, ಯಂತ್ರವೂ ಗೊತ್ತು; ಹಾಗಾಗಿ ದೋಷ ಹುಡುಕುವುದರಲ್ಲಿ ಎಂಜಿನಿಯರುಗಳಿಗೆ ತಾವೇನೂ ಕಡಿಮೆಯಿರಲಿಲ್ಲ ಎಂದು ಜೆನಿಂಗ್ಸ್ ಮುಂದೆ ಹೇಳಿಕೊಂಡರು. ಜಂಬವೆನಿಸುವುದಿಲ್ಲ.

ಬೆಟಿ ಸ್ನೈಡರ್ ಇನ್ನೊಂದು ಉಪಾಯ ಕಂಡುಹಿಡಿದರು. ಅನುಮಾನವಿದ್ದಲ್ಲಿ ಆಜ್ಞೆ ಒಯ್ಯುವ ತಂತಿಯನ್ನೇ ಕಿತ್ತುಬಿಟ್ಟರೆ ಯಂತ್ರ ಅಲ್ಲಿಯೇ ನಿಲ್ಲುತ್ತದೆ, ಆಗ ದೀಪಗಳನ್ನು ಓದಬಹುದು. ಪ್ರೋಗ್ರಾಮರುಗಳು ಇಂದಿಗೂ ದಿನಬೆಳಗಾದರೆ ಬಳಸುವ ‘ಬ್ರೇಕ್‌ಪಾಯಿಂಟ್’ ಎಂಬ ಮಾತಿನ ಮೂಲ ಈ ಕಿತ್ತ ತಂತಿ.

1946ರ ಫೆಬ್ರವರಿ 15ರಂದು ಎನಿಯಾಕ್‌ನ ಸಾರ್ವಜನಿಕ ಪ್ರದರ್ಶನ. ಗುಂಡಿನ ಪಥದ ಲೆಕ್ಕವನ್ನು ಹೂಡುವ ಹೊಣೆ ಸ್ನೈಡರ್ ಮತ್ತು ಜೆನಿಂಗ್ಸ್ ಅವರದು. ಹಿಂದಿನ ರಾತ್ರಿ ಎಲ್ಲವೂ ಸರಿ, ಒಂದನ್ನು ಬಿಟ್ಟು: ಗುಂಡು ನೆಲ ಮುಟ್ಟಿದರೂ ಲೆಕ್ಕ ನಿಲ್ಲದು! ಯಂತ್ರದ ಪ್ರಕಾರ ಅದು ಭೂಮಿಯನ್ನು ಕೊರೆದುಕೊಂಡು ಹೋಗುತ್ತಲೇ ಇತ್ತು. ಬೇಸತ್ತು ಮನೆಗೆ ಹೋದ ಸ್ನೈಡರ್ ಬೆಳಗಾಗುತ್ತಲೇ ಬಂದು, ಮೂರು ಸಾವಿರಕ್ಕೂ ಹೆಚ್ಚು ಸ್ವಿಚ್ಚುಗಳಲ್ಲಿ ಒಂದನ್ನು ಒಂದು ಸ್ಥಾನದಷ್ಟು ತಿರುಗಿಸಿದರು. ಸರಿಹೋಯಿತು. ಉಳಿದವರು ಎಚ್ಚರದಲ್ಲಿ ಮಾಡುವುದಕ್ಕಿಂತ ಹೆಚ್ಚು ತರ್ಕವನ್ನು ಬೆಟಿ ನಿದ್ದೆಯಲ್ಲಿ ಮಾಡುತ್ತಾಳೆಂದು ಜೆನಿಂಗ್ಸ್ ತಮಾಷೆ ಮಾಡುತ್ತಿದ್ದರು. (ಇಂಥ ದೋಷವನ್ನು ‘ಬಗ್’ ಎನ್ನುವ ವಾಡಿಕೆ, 1947ರಲ್ಲಿ ಹಾರ್ವರ್ಡಿನ ಯಂತ್ರದೊಳಗೆ ಪತಂಗವೊಂದು ಸಿಕ್ಕ ಮೇಲೆ ಬಂತೆಂದು ಹೇಳುವುದುಂಟು. ಪತಂಗ ನಿಜ, ಪದ ಮಾತ್ರ ಹಳೆಯದು. 1878ರಲ್ಲೇ ಎಡಿಸನ್ ಅದನ್ನು ಬಳಸಿದ್ದಾನೆ.)

ನೆಲಕ್ಕೆ ಬೀಳಲು 30 ಸೆಕೆಂಡ್ ತೆಗೆದುಕೊಳ್ಳುವ ಗುಂಡಿನ ಪಥವನ್ನು ಎನಿಯಾಕ್ 20 ಸೆಕೆಂಡಿನಲ್ಲಿ ಹೇಳಿತು. ಗಣ್ಯರು ಬೆರಗಾದರು, ಪತ್ರಿಕೆಗಳು ಕೊಂಡಾಡಿದವು. ಸಂಜೆಯ ಔತಣಕ್ಕೆ ಲೆಕ್ಕ ಹೂಡಿದವರಿಗೆ ಕರೆಯಿರಲಿಲ್ಲ. ಯಂತ್ರದ ಮುಂದೆ ಹೆಂಗಸರು ನಿಂತ ಚಿತ್ರಗಳಲ್ಲಿ ಅವರ ಹೆಸರು ಅಚ್ಚಾಗಲಿಲ್ಲ. ಅಂಥ ಒಂದು ಚಿತ್ರ ಸೇನೆಯ ನೇಮಕಾತಿ ಜಾಹೀರಾತಿನಲ್ಲಿ ಬಂದಾಗ, ಹೆಂಗಸರಿದ್ದ ಭಾಗವನ್ನೇ ಕತ್ತರಿಸಿ ಸಮವಸ್ತ್ರದ ಗಂಡಸನ್ನು ಉಳಿಸಿಕೊಳ್ಳಲಾಗಿತ್ತು. ಮರೆವು ಎಂದು ಇದನ್ನು ತಳ್ಳಿಹಾಕುವುದು ಕಷ್ಟ.

1980ರ ದಶಕದಲ್ಲಿ ಹಾರ್ವರ್ಡಿನ ವಿದ್ಯಾರ್ಥಿನಿ ಕ್ಯಾಥಿ ಕ್ಲೈಮನ್ ಈ ಚಿತ್ರಗಳನ್ನು ಕಂಡು ಇವರು ಯಾರೆಂದು ವಿಚಾರಿಸಿದರು. ರೆಫ್ರಿಜರೇಟರಿನ ಜಾಹೀರಾತಿನಲ್ಲಿ ನಿಲ್ಲುವ ಚೆಲುವೆಯರಂತೆ, ಯಂತ್ರ ಚೆನ್ನಾಗಿ ಕಾಣಲೆಂದು ನಿಲ್ಲಿಸಿದವರು ಎಂಬ ಉತ್ತರ ಸಿಕ್ಕಿತು. ಅದನ್ನು ನಂಬದೆ ಅವರು ಆ ಹೆಂಗಸರನ್ನೇ ಹುಡುಕಿ ಹೊರಟರು. ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಹುಡುಕಾಟದ ಫಲ.

ಎನಿಯಾಕ್ 1947ರಲ್ಲಿ ಅಬರ್ಡೀನಿಗೆ ಸ್ಥಳಾಂತರವಾಯಿತು. ವಾಲ್ವ್‌ಗಳು ಸುಧಾರಿಸಿದ ಮೇಲೆ ಎರಡು ದಿನಕ್ಕೊಂದು ಕೆಡುವ ಮಟ್ಟಕ್ಕೆ ಬಂತು. 1954ರಲ್ಲಿ ಒಮ್ಮೆ ಎಲ್ಲಿಯೂ ಕೆಡದೆ 116 ಗಂಟೆ ನಡೆದದ್ದೇ ಅದರ ದಾಖಲೆ. 1955ರ ಅಕ್ಟೋಬರ್ 2ರ ರಾತ್ರಿ ಅದನ್ನು ಶಾಶ್ವತವಾಗಿ ಆರಿಸಲಾಯಿತು. ಸ್ನೈಡರ್ ಮುಂದೆ ಕೋಬಾಲ್ ಭಾಷೆ ರೂಪಿಸುವುದರಲ್ಲಿ ಕೈಜೋಡಿಸಿದರು, ಕೇ ಮೆಕ್‌ನಲ್ಟಿ ಮಾಕ್ಲಿಯನ್ನು ಮದುವೆಯಾದರು. ಫ್ರಾನ್ಸಿಸ್ ಬೈಲಾಸ್ ವರಿಸಿದ್ದು ಎನಿಯಾಕ್‌ನ ವಾಲ್ವ್ ಬದಲಿಸುವ ಕೆಲಸಕ್ಕಿದ್ದ ಸೇನೆಯ ಎಂಜಿನಿಯರ್ ಹೋಮರ್ ಸ್ಪೆನ್ಸ್ ಅವರನ್ನು. ರೂತ್ ಲಿಕ್ಟರ್‌ಮನ್ ಯಂತ್ರದ ಜೊತೆಗೇ ಅಬರ್ಡೀನಿಗೆ ಹೋಗಿ, ಎರಡು ವರ್ಷ ಅಲ್ಲಿದ್ದು ಮುಂದಿನ ತಂಡಕ್ಕೆ ಕಲಿಸಿದರು. 1997ರಲ್ಲಿ ಆರೂ ಮಂದಿಗೆ ‘ತಂತ್ರಜ್ಞಾನದಲ್ಲಿ ಮಹಿಳೆಯರು’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಗೌರವ ಸಂದಿತು. ರೂತ್ 1986ರಲ್ಲೇ ತೀರಿಕೊಂಡಿದ್ದರು. ಅವರ ಪರವಾಗಿ ಪತಿ ಅದನ್ನು ಸ್ವೀಕರಿಸಿದರು.